ತೋಳಿಗೆ ಸೂಜಿ, ನಾಲಗೆಗೆ ಹನಿ

ನನ್ನ ಅತ್ತೆಗೆ,

ಇವತ್ತು ಬೆಳಿಗ್ಗೆ ಬಾವಿಕಟ್ಟೆಯ ಮೇಲಿಟ್ಟಿದ್ದ ಹಿತ್ತಾಳೆ ಕೊಡದ ನೀರಿನ ಮೇಲೆ ತೆಳ್ಳಗೆ ಹಳದಿ ಪದರ ಕಟ್ಟಿತ್ತು. ಅರಿಶಿನ ಚೆಲ್ಲಿರಬೇಕು ಅಂದುಕೊಂಡು ಬೆರಳಿಟ್ಟೆ. ಬೆರಳಿಟ್ಟ ಕಡೆ ಪದರ ಸರಿದು, ತೆಗೆದ ಕೂಡಲೇ ಮತ್ತೆ ಬಂದು ಕೂಡಿಕೊಂಡಿತು. ತಲೆಯೆತ್ತಿ ನೋಡಿದರೆ ಕಾಲುವೆಯಾಚೆ ನಮ್ಮ ಜೋಳ ಹೂ ಬಿಟ್ಟಿದೆ. ಪುರಟ್ಟಾಸಿ ತಿಂಗಳು ಹುಟ್ಟಿ ಇನ್ನೂ ವಾರವಾಗಿಲ್ಲ, ಕಣಿವೆಯ ಗಾಳಿ ಇನ್ನೂ ನಿಂತಿಲ್ಲ. ನೀನಿದ್ದಿದ್ದರೆ ಆ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಬಾಯಿಗೆ ಸೆರಗು ಹಿಡಿದುಕೊಂಡು, "ಬಂದ್‌ಬುಟ್ಟ ನಮ್ಮ ಮಾಪಿಳ್ಳೆ" ಅನ್ನುತ್ತಿದ್ದೆ. ಜೋಳದ ಹೂಪುಡಿಗೆ ಮದುವೆ ಗಂಡಿನ ಪಟ್ಟ ಕೊಟ್ಟವಳು ಈ ಕಣಿವೆಯಲ್ಲಿ ನೀನೊಬ್ಬಳೇ.

ಶುಕ್ರವಾರ ನಿನ್ನ ಮನೆಯವರು ಕಾಮಯಗೌಂಡನ್‌ಪಟ್ಟಿಯಿಂದ ವೀಳ್ಯ ಹಿಡಿದು ಬರುತ್ತಾರೆ. ನಿನ್ನ ಗಂಡ, ನಿನ್ನ ನಾದಿನಿ, ನಿನ್ನ ಮಗ ಬೊಮ್ಮು. ನನ್ನನ್ನು ಕೇಳಲು. ಅತ್ತೆಯ ಮಗನಿಗೆ ಅವಳ ಅಣ್ಣನ ಮಗಳು ಅನ್ನುವುದು ನಮ್ಮಲ್ಲಿ ಕೇಳಬೇಕಾದ ಮಾತೇ ಅಲ್ಲ, ಆದರೂ ಕೇಳುವ ಶಾಸ್ತ್ರವೊಂದಿದೆ. ನೀನು ತೀರಿಕೊಂಡ ವರ್ಷದೊಳಗೇ ಮನೆಗೆ ಹೆಣ್ಣು ಬರಬೇಕಂತೆ, ಅದಕ್ಕೇ ಈ ಅವಸರ. ಅವರು ಬಂದು ಚಾಪೆಯ ಮೇಲೆ ಕೂತ ಮೇಲೆ ನಾನು ಎಲ್ಲರೆದುರು ಬಾವಿಯಿಂದ ನೀರು ಸೇದಿ, ಆ ಕೊಡದಿಂದಲೇ ಬಗ್ಗಿಸಿ ಕೊಡಬೇಕು. ನಿನ್ನಿಂದಲೂ ಸೇದಿಸಿದ್ದರಲ್ಲವಾ, ನಿನ್ನ ಕಾಲದಲ್ಲಿ? ಇಷ್ಟು ಹೊತ್ತಿಗೆ ನನಗೆ ಸಂತೋಷವಾಗಿರಬೇಕಿತ್ತು. ನಾನು ಹಳದಿ ನೀರು ನೋಡುತ್ತ, ಶುಕ್ರವಾರ ಗಾಳಿ ಯಾವ ಕಡೆಯಿಂದ ಬೀಸೀತು ಎಂದು ಯೋಚಿಸುತ್ತಿದ್ದೇನೆ. ಮೊದಲ ಕೊಡ ಮೇಲೆ ಬರುವುದರೊಳಗೆ ನನ್ನ ಎದೆ ಕೂಗಲು ಶುರು ಮಾಡಿಬಿಟ್ಟರೆ...

ಮೈಸೂರಿನಿಂದ ಬಿ.ಎ. ಮುಗಿಸಿ ನಾನು ಬಂದ ದಿನ ನೀನು ನನ್ನ ಪೆಟ್ಟಿಗೆಯಿಂದ ಒಂದು ಕನ್ನಡ ಪುಸ್ತಕ ತೆಗೆದು ತಲೆಕೆಳಗಾಗಿ ಹಿಡಿದು ನೋಡಿದ್ದೆ. "ನಾವು ಮನೇಲಿ ಆಡೋ ಮಾತಿಗೆ ಎಳುತ್ತು ಐತಾ ಪುಳ್ಳೆ?" ಎಂದು ಕೇಳಿದೆ. ಈ ತಮಿಳು ಸೀಮೆಯಲ್ಲಿ ಹುಟ್ಟಿ ಬೆಳೆದ ನಿನಗೆ ತಿಳಿದ ಅಕ್ಷರ ತಮಿಳು ಮಾತ್ರ. ನಾನು ಒಂದು ಪುಟ ಓದಿ ಹೇಳಿದೆ. ನೀನು ಅರ್ಧ ತಿಳಿದು, ಅರ್ಧ ತಿಳಿಯದೆ, "ಇವರು ಆಡೋದು ನಮ್ಮದೇ, ಆದ್ರೆ ಇಸ್ತ್ರಿ ಹಾಕ್ಕೊಂಡು ಆಡ್ತಾರೆ" ಅಂದೆ. ಹಾಸ್ಟೆಲಿನಲ್ಲಿ ನನ್ನ ಮಾತು ಕೇಳಿ ಹುಡುಗಿಯರು ನಗುತ್ತಿದ್ದರು, ಅದಕ್ಕೆ ಅಲ್ಲಿ ನಾನು ಹೆಚ್ಚು ಮಾತಾಡಲಿಲ್ಲ ಅನ್ನುವುದನ್ನು ನಿನಗೊಬ್ಬಳಿಗೇ ಹೇಳಿದ್ದು. ಈಗ ಈ ಕಾಗದವನ್ನು ಆ ಇಸ್ತ್ರಿ ಹಾಕಿದ ಮಾತಿನಲ್ಲೇ ಬರೆಯುತ್ತಿದ್ದೇನೆ. ನೀನು ಬದುಕಿದ್ದರೆ ನಾನೇ ಓದಿ ಹೇಳಬೇಕಿತ್ತು. ನೀನಿರುವಲ್ಲಿ ಅಕ್ಷರದ ಹಂಗು ಇರಲಾರದು, ಅಲ್ಲವಾ?

ನಾನು ಚಿಕ್ಕವಳಿದ್ದಾಗ ರಜಕ್ಕೆ ನಿನ್ನ ಮನೆಗೆ ಬಂದರೆ ಹಿತ್ತಲಿನ ಬಾವಿಯ ರಾಟೆ ಹೊತ್ತಲ್ಲದ ಹೊತ್ತಿನಲ್ಲಿ ಕಿರುಗುಟ್ಟುತ್ತಿತ್ತು. ಅಡುಗೆಮನೆಯಲ್ಲಿ ಕೊಡಗಳೆಲ್ಲ ತುಂಬಿರುತ್ತಿದ್ದವು, ಆದರೂ ನೀನು ಸೇದುತ್ತಿದ್ದೆ. ಒಂದು ದಿನ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ರಾಟೆಯ ಸದ್ದಿನೊಳಗೆ ಇನ್ನೊಂದು ಸದ್ದಿತ್ತು. ಸಣ್ಣದು, ಸೀಳಿದ ಕೊಳಲಿನಂಥದು. ನೀನು ನನ್ನನ್ನು ನೋಡಿ ಹತ್ತಿರ ಕರೆದು, ಉಸಿರು ಹಿಡಿದು ಹಿಡಿದು ಹೇಳಿದೆ: "ರಾಟೆ ಅಳ್ತಾ ಇದ್ರೆ ನನ್ನ ಎದೆ ಅಳೋದು ಒಳಗಿರೋರಿಗೆ ಕೇಳಾಕಿಲ್ಲ, ಕಣ್ಣೂ. ಯಾರ್ಗೂ ಹೇಳ್ಬೇಡ." ಬೊಮ್ಮು ಹುಟ್ಟಿದ ಮೇಲೆ ಶುರುವಾದ ಉಬ್ಬಸ ಅದು, ನಮ್ಮವರ ಬಾಯಲ್ಲಿ ಇಳೆಪ್ಪು, ತವರಿಗೂ ತಿಳಿಯಲಿಲ್ಲ. ನಿನ್ನ ಅತ್ತೆ ಬೇರೆ ಯಾರದೋ ಮನೆಯ ಸೊಸೆಯ ವಿಷಯಕ್ಕೆ, "ಇಳೆಪ್ಪು ಇರೋ ಹಸೂನ ಸಂತೇಲೇ ಯಾರೂ ಮುಟ್ಟಲ್ಲ, ಮನೆಗೆ ಕಟ್ಕೋತಾರಾ?" ಎಂದು ಅಂದದ್ದನ್ನು ನೀನು ಕೇಳಿಸಿಕೊಂಡಿದ್ದೆಯಂತೆ. ಆ ಒಂದು ಮಾತಿಗೆ ನೀನು ಎಷ್ಟು ವರ್ಷ ನೀರು ಸೇದಿದೆ?

ಹೋದ ವರ್ಷ ಇದೇ ಹೂವಿನ ಕಾಲದಲ್ಲಿ ನನ್ನ ಎದೆಯೂ ಕೂಗಿತು. ಮೈಸೂರಿನಲ್ಲಿದ್ದಷ್ಟು ದಿನ ನನಗೊಂದು ಉಸಿರಿದೆ ಅನ್ನುವುದೇ ನೆನಪಿಗೆ ಬಂದಿರಲಿಲ್ಲ. ಇಲ್ಲಿ ಬಂದು ಜೋಳದ ಬದುವಿನಲ್ಲಿ ನಡೆದ ಮೇಲೆ ಅದೊಂದೇ ನೆನಪು. ನೀನು ನನ್ನ ಬೆನ್ನಿಗೆ ಕಿವಿಯಿಟ್ಟು ಕೇಳಿ, ಮಾರನೇ ವಾರ ದಿಂಡಿಗಲ್ಲಿಗೆ ಕರೆದುಕೊಂಡು ಹೋದೆ. ಮಾವನಿಗೆ ಹೇಳಿದ್ದು ಬೀಗ ಕೊಳ್ಳೋಕೆ ಎಂದು. ದಿಂಡಿಗಲ್ ಬೀಗಕ್ಕಿಂತ ಒಳ್ಳೆ ನೆಪ ಯಾವುದಿದೆ ಅನ್ನುವುದು ನಿನ್ನ ವಾದ. ಆದರೆ ಹೋದಾಗಲೆಲ್ಲ ಒಂದು ಬೀಗ ತರಬೇಕಾಯಿತು. ಮೂರನೆಯದನ್ನು ನೋಡಿ ಮಾವ, "ಈ ಮನೇಲಿ ಕದ್ಯಕ್ಕೆ ಇರೋದು ಬೀಗ ಒಂದೇ" ಅಂದರಲ್ಲ, ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ನಕ್ಕು ನಕ್ಕು ನಿನಗೆ ಮತ್ತೆ ದಮ್ಮು ಹತ್ತಿತ್ತು.

ದಿಂಡಿಗಲ್ಲಿನ ಉಬ್ಬಸದ ಡಾಕ್ಟರು ನಮ್ಮಿಬ್ಬರ ಮುಂಗೈಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಡಿಸಿ, ಬೇರೆ ಬೇರೆ ಹೂಪುಡಿಯ ರಸ ತೊಟ್ಟಿಕ್ಕಿ, ಪ್ರತಿ ತೊಟ್ಟಿನ ಮೇಲೂ ಸೂಜಿಯಿಂದ ಸಣ್ಣಗೆ ಗೀರಿದರು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಒಂದೇ ಜಾಗದಲ್ಲಿ, ಜೋಳದ ತೊಟ್ಟಿನ ಕೆಳಗೆ, ಸೊಳ್ಳೆ ಕಚ್ಚಿದ ಹಾಗೆ ಎದ್ದಿತು. "ನೋಡ್ಕೋ ಪುಳ್ಳೆ, ನಮ್ಮಪ್ಪನ ಆಸ್ತಿ ಸರಿಯಾಗಿ ಪಾಲಾಗೈತೆ" ಅಂದೆ ನೀನು. ಡಾಕ್ಟರಿಗೆ ಅರ್ಥವಾಗಲಿಲ್ಲ, ನಾನು ತಮಿಳಿನಲ್ಲಿ ಹೇಳಲೂ ಇಲ್ಲ. ಯಾವುದು ಮೈಗೆ ಆಗುವುದಿಲ್ಲವೋ ಅದನ್ನೇ ತೀರ ಕಡಿಮೆಯಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ, ಮೈ ಅದರ ಜೊತೆ ಜಗಳ ಬಿಡುವ ಹಾಗೆ ಮಾಡುವುದು ಚಿಕಿತ್ಸೆ ಎಂದು ಅವರು ಹೇಳಿದಾಗ ನೀನೇ ಮೊದಲು ತಲೆಯಾಡಿಸಿದೆ. ಹಸುವಿಗೆ ಹೊಸ ಮೇವು ಹಾಕುವಾಗ ಹಳೆಯದರಲ್ಲಿ ಒಂದೊಂದು ಹಿಡಿ ಬೆರೆಸುವುದಿಲ್ಲವಾ, ಹಾಗೆ ಅಂದರು ಅವರು.

ಆಮೇಲೆ ಅವರು ಎರಡು ದಾರಿ ಹೇಳಿದರು. ಒಂದು ಸೂಜಿ: ವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ ಮೇಲ್ತೋಳಿಗೆ ಚುಚ್ಚಿಸಿಕೊಂಡು, ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿರಬೇಕು. ಗಂಟಲು ಕೆರೆದರೆ, ಅಂಗೈ ನವೆಯಾದರೆ ಕೂಡಲೇ ಹೇಳಬೇಕು. ಅದಕ್ಕೆ ಬೇರೊಂದು ಸೂಜಿ ಸಿದ್ಧ ಇಟ್ಟುಕೊಂಡಿರುತ್ತಾರೆ. ಇನ್ನೊಂದು ಹನಿ: ಅದೇ ರಸ, ಸಣ್ಣ ಸೀಸೆಗಳಲ್ಲಿ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಾಲಗೆಯ ಕೆಳಗೆ ಹಾಕಿ, ಸ್ವಲ್ಪ ಹೊತ್ತು ಹಿಡಿದು ನುಂಗುವುದು, ಮನೆಯಲ್ಲೇ. ಯಾವುದು ಒಳ್ಳೆಯದು ಎಂದು ನಾನು ಕೇಳಿದೆ. ಅವರು, "ಸೂಜಿಯ ದಾರಿ ಹಳೇದಮ್ಮಾ. ತುಂಬ ಜನ ನಡೆದಿದ್ದಾರೆ. ಅದರಲ್ಲಿ ಗುಂಡಿ ಎಲ್ಲಿದೆ ಅಂತ ನನಗೆ ಗೊತ್ತು, ಗುಂಡಿ ಇರೋದಂತೂ ನಿಜ. ಹನಿಯ ದಾರೀಲಿ ಅಷ್ಟು ಗುಂಡಿ ಇಲ್ಲ ಅಂತಾರೆ. ಆದರೆ ಅದು ಊರು ಮುಟ್ಟಿಸುತ್ತೆ ಅಂತ ನಾನು ಆಣೆ ಇಟ್ಟು ಹೇಳಲಾರೆ" ಅಂದರು. ಹೂವಿನ ತಿಂಗಳಷ್ಟೂ ಕೊಡೈಕಾನಲ್ಲಿಗೆ ಹೋಗಿದ್ದರೆ ಎಲ್ಲಕ್ಕಿಂತ ಒಳ್ಳೆಯದು ಎಂದೂ ಹೇಳಿದರು. "ಕೊಡೈಗೋಗಿ ಕುಂತ್ಕಳಕ್ಕೆ ನಾನೇನು ದೊರೆಸಾನಿಯಾ?" ಅಂದೆ ನೀನು, ಈ ಸಲ ತಮಿಳಿನಲ್ಲೇ.

ನೀನು ಹನಿಯನ್ನೇ ಆರಿಸಿದೆ, ಇಬ್ಬರಿಗೂ. ಅದು ಗುಣ ಮಾಡುತ್ತದೆ ಎಂದಲ್ಲ, ಯಾರಿಗೂ ಕಾಣುವುದಿಲ್ಲ ಎಂದು. "ವಾರಾವಾರ ಬಸ್ ಹತ್ತಿದ್ರೆ ಉತ್ತಮಪಾಳಯಂ ದಾಟೋದ್ರೊಳಗೆ ನನ್ನ ಇಳೆಪ್ಪು ಕಂಡಕ್ಟರ್ ಬಾಯಲ್ಲಿರ್ತದೆ. ಹನಿ ಆದ್ರೆ ನಾಲಗೆ ಕೆಳಗೆ ಮುಚ್ಕೊಂಡಿರ್ತದೆ. ಊಸಿ ಹಾಕಿಸ್ಕೊಂಡ ಹುಡುಗೀನ ಯಾರು ಕೇಳ್ತಾರೆ?" ಹೂವಿನ ಕಾಲ ಮುಗಿದ ಮೇಲೆ ಹೋಗಿ ಸೀಸೆ ತಂದೆವು, ಮನೆಗೆ ಬಂದು ನೀನು ನನ್ನ ಅಮ್ಮನಿಗೆ ನನ್ನದನ್ನು ಮಾತ್ರ ತೋರಿಸಿದೆ. ನಿನ್ನದು ನಿನ್ನ ಅಡುಗೆಮನೆಯಲ್ಲಿ, ನೀರಿನ ಗುಡಾಣದ ಕೆಳಗಿನ ಒದ್ದೆ ಮರಳಿನಲ್ಲಿ, ತಂಪಾಗಿ ಹೂತುಕೊಂಡಿತು.

ನಿನ್ನ ಮೇಲಿನ ತುಟಿ ಊದಿಕೊಂಡು, ಕಣ್ಣು ಸಣ್ಣಗಾಗಿ ನೀನು ನಮ್ಮ ಮನೆಗೆ ಬಂದದ್ದು ದೀಪಾವಳಿ ಕಳೆದು ತಿಂಗಳಾದ ಮೇಲೆ. ಜೇನು ಕಡಿಯಿತು ಎಂದು ಎಲ್ಲರಿಗೂ ಹೇಳಿದೆ. ಬಾವಿಕಟ್ಟೆಗೆ ಬಂದ ಮೇಲೆ ನನಗೆ ನಿಜ ಹೇಳಿದೆ. ಮಾವನ ಚಿಕ್ಕಪ್ಪ ತೀರಿಕೊಂಡು ಮನೆ ತುಂಬ ನೆಂಟರಂತೆ, ಅಡುಗೆಮನೆಯಿಂದ ಹೆಂಗಸರು ಏಳಲೇ ಇಲ್ಲವಂತೆ, ಮರಳು ಕೆದಕಲು ಆಗಲಿಲ್ಲವಂತೆ. ಅವರೆಲ್ಲ ಹೋದ ಬೆಳಿಗ್ಗೆ ತಪ್ಪಿದ ಅಷ್ಟೂ ದಿನದ ಹನಿಯನ್ನು ಒಟ್ಟಿಗೆ ಬಾಯಿಗೆ ಸುರಿದುಕೊಂಡೆಯಂತೆ. "ಕಾಲುವೆ ನೀರಿನ ಪಾಳಿ ತಪ್ಪಿದ್ರೆ ಮುಂದಿನ ಪಾಳೀಲಿ ಸೇರ್ಸಿ ಬಿಡಲ್ವಾ? ನಮ್ಮ ನೀರು ನಮಗೆ ಬರ್ಬೇಕಲ್ಲ. ಹಂಗೇ ಅಂದ್ಕೊಂಡೆ" ಅಂದು, ಊದಿದ ತುಟಿಯಲ್ಲೇ ನಕ್ಕೆ. ಬೇರೆ ಊರಿನವರಿಗೆ ಹೀಗೆ ಹೊಳೆಯುತ್ತಿತ್ತೋ ಇಲ್ಲವೋ, ಈ ಕಣಿವೆಯಲ್ಲಿ ಹುಟ್ಟಿದ ಯಾರಿಗಾದರೂ ಇದೇ ಹೊಳೆಯುತ್ತದೆ. ನಾನೂ ನಕ್ಕೆ. ಯಾರಿಗೂ ಹೇಳಬೇಡ ಎಂದು ನೀನು ಅಂದೆ, ನಾನು ಹೇಳಲಿಲ್ಲ. ಅಲ್ಲಿಂದ ನೀನು ಹನಿ ಬಿಟ್ಟುಬಿಟ್ಟೆ. ಡಾಕ್ಟರಿಗೂ ಹೇಳಲಿಲ್ಲ, ದಿಂಡಿಗಲ್ಲಿಗೂ ಹೋಗಲಿಲ್ಲ. ಬೀಗ ಬರುವುದು ನಿಂತಿತು.

ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ನಿಮ್ಮ ಕಣದಲ್ಲಿ ಜೋಳ ಬಡಿಯುತ್ತಿದ್ದರು. ಬೆಳಗಿನ ಹೊತ್ತು. ಧೂಳಿನಲ್ಲಿ ನೀನು ಆಳುಗಳಿಗೆ ಗಂಜಿ ಹೊತ್ತುಕೊಂಡು ಹೋಗಿದ್ದೆ. ವಾಪಸು ಬಂದವಳು ನೇರ ಹಿತ್ತಲಿಗೆ ಹೋದೆಯಂತೆ. ರಾಟೆ ಬಹಳ ಹೊತ್ತು ಕಿರುಗುಟ್ಟಿತಂತೆ. ಆಮೇಲೆ ನಿಂತಿತಂತೆ. ಎದೆ ನಿಂತು ಹೋದಳು ಎಂದು ಊರಿನವರು ಹೇಳಿದರು. ನಾನು ನಿನ್ನ ಕಾಲ ಬಳಿ ಕೂತಿದ್ದೆ, ಎದುರು ಮಾತಾಡಲಿಲ್ಲ. ಮಾತಾಡಿ ಏನು ಹೇಳಬೇಕಿತ್ತು, ಯಾರಿಗೆ?

ಎರಡು ತಿಂಗಳ ಹಿಂದೆ, ಈ ಆಡಿ ತಿಂಗಳಲ್ಲಿ, ನಮ್ಮ ಮನೆಗೂ ನೆಂಟರು ಬಂದರು, ಅಮ್ಮನ ತವರಿನವರು. ಅಮ್ಮ ನನ್ನ ಸೀಸೆಯನ್ನು ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟಳು. ನಿನ್ನ ಮನೆಯ ಸಂಬಂಧದ ಮಾತು ಆಗಲೇ ಎದ್ದಿತ್ತಲ್ಲ, ಯಾರ ಕಣ್ಣಿಗೂ ಬೀಳಬಾರದು. ಅವರನ್ನು ಬಸ್ಸು ಹತ್ತಿಸಿ ಬಂದ ಬೆಳಿಗ್ಗೆ ಅಮ್ಮ, "ಬಾಯಿ ತೆಗಿ" ಅಂದಳು. ತೆಗೆದೆ. ದಿನದ ಹನಿಗಿಂತ ಹೆಚ್ಚು ತಣ್ಣಗೆ, ನಾಲಗೆಯ ಕೆಳಗೆಲ್ಲ ತುಂಬಿಕೊಂಡಿತು. ಏನೆಂದು ಕೇಳುವುದರೊಳಗೆ ನುಂಗಿದ್ದೆ. ಮೊದಲು ತುಟಿ, ಆಮೇಲೆ ಕಿವಿಯ ಒಳಗೆ ನವೆ, ಆಮೇಲೆ ಗಂಟಲಿಗೆ ಯಾರೋ ಒದ್ದೆ ಬಟ್ಟೆ ತುರುಕಿದ ಹಾಗೆ. ಅಪ್ಪ ನನ್ನನ್ನು ಬಾಳೆಕಾಯಿ ಗಾಡಿಯಲ್ಲೇ ಉತ್ತಮಪಾಳಯಕ್ಕೆ ಓಡಿಸಿಕೊಂಡು ಹೋದರು. ಅಲ್ಲಿಯ ಡಾಕ್ಟರು ಸೂಜಿ ಹಾಕಿದ ಮೇಲೆ ಉಸಿರು ಬಂತು. ಅತ್ತೆ, ಅದು ಬಂದದ್ದು ಹೇಗಿತ್ತು ಗೊತ್ತಾ? ಒಣಗಿದ ಕಾಲುವೆಗೆ ನೀರು ಬಂದ ಹಾಗೆ, ಮೊದಲು ಸದ್ದು, ಆಮೇಲೆ ನೀರು. ಅಮ್ಮ ಗಾಡಿಯ ಚಕ್ರ ಹಿಡಿದುಕೊಂಡು ನಿಂತಿದ್ದಳು. "ತಪ್ಪಿದ ಪಾಳಿ ಅಲ್ವಾ... ಸೇರ್ಸಿ ಬಿಟ್ಟೆ" ಅಂದಳು.

ನಿನ್ನ ಮಾತೇ. ಅಕ್ಷರಕ್ಕೆ ಅಕ್ಷರ ನಿನ್ನದೇ.

ಆ ದಿನ ಗಾಡಿಯಲ್ಲಿ ಮನೆಗೆ ಬರುವಾಗ ಅಪ್ಪ ಅಮ್ಮನಿಗೆ ನಿನ್ನ ವಿಷಯವನ್ನೆಲ್ಲ ಹೇಳಿಬಿಟ್ಟೆ. ನಿನ್ನ ಉಬ್ಬಸ, ರಾಟೆ, ಬೀಗಗಳು, ಜೇನು ಕಡಿದ ತುಟಿ. ಅಪ್ಪ ಎತ್ತುಗಳ ಬೆನ್ನು ನೋಡುತ್ತ ಕೂತರು. ತಂಗಿಯ ವಿಷಯ ಮಗಳ ಬಾಯಿಂದ ಕೇಳುವುದು ಅವರಿಗೆ ಹೇಗಾಗಿರಬೇಕು? ಅಮ್ಮ ಅತ್ತು ಮುಗಿಸಿ, "ಅವಳು ಒಂದ್ ಮಾತು ಬಾಯಿ ಬಿಟ್ಟಿದ್ರೆ ನಾನು ಇವತ್ತು..." ಅಂದು ನಿಲ್ಲಿಸಿದಳು. ನಿನ್ನನ್ನು ಬೈಯುವುದಕ್ಕಲ್ಲ ಇದನ್ನು ಬರೆಯುತ್ತಿರುವುದು. ಆದರೆ ಅಮ್ಮ ಹೇಳಿದ್ದು ಸುಳ್ಳಲ್ಲವಲ್ಲ. ನಿನ್ನ ತುಟಿ ಊದಿದ್ದು ನಿನ್ನೊಂದಿಗೇ ಮುಚ್ಚಿಹೋದದ್ದಕ್ಕೆ ನನ್ನ ಗಂಟಲೂ ಊದಬೇಕಾಯಿತು.

ಅಪ್ಪ ನನ್ನನ್ನು ದಿಂಡಿಗಲ್ಲಿಗೆ ಕರೆದುಕೊಂಡು ಹೋದರು, ಈ ಸಲ ಬೀಗದ ನೆಪವಿಲ್ಲದೆ. ಡಾಕ್ಟರು ಗದರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ನೀನು ಹೋದ ಸುದ್ದಿ ಕೇಳಿ ಕನ್ನಡಕ ತೆಗೆದಿಟ್ಟರು. "ಹನಿ ಕೆಟ್ಟದ್ದಲ್ಲ. ಹನಿ ಹಾಕೋ ಕೈ ನನ್ನ ಕಣ್ಣೆದುರಿಗಿಲ್ಲ, ತೊಂದರೆ ಇರೋದು ಅಲ್ಲಿ. ಸೂಜಿಗೆ ನೀವು ನನ್ನ ಹತ್ತಿರ ಬರಲೇಬೇಕು. ಈ ವಾರ ಉಸಿರು ಹೇಗಿತ್ತು ಅಂತ ಕೇಳ್ತೇನೆ. ದಮ್ಮು ಇದ್ದರೆ ಚುಚ್ಚಲ್ಲ. ವಾರ ತಪ್ಪಿದ್ದರೆ ಏರಿಸಲ್ಲ, ಹಿಂದಕ್ಕೆ ಇಳಿಸ್ತೇನೆ" ಅಂದರು. ಅಪ್ಪ, "ಅಂದ್ರೆ ಇದು ನೀರಲ್ಲ, ಹೋರಿ. ಪಳಗಿಸ್ತಾ ಇರೋ ಹೋರೀನ ನಾಲ್ಕು ವಾರ ಸುಮ್ನೆ ಕಟ್ಟಿ ಹಾಕಿದ್ರೆ, ಆಮೇಲೆ ತುಂಬಿದ ಗಾಡಿ ಹೂಡಕ್ಕಾಗಲ್ಲ. ಬರೀ ನೊಗದಿಂದ ಮತ್ತೆ ಶುರು ಮಾಡ್ಬೇಕು" ಅಂದರು. ಡಾಕ್ಟರು ಅವರನ್ನೇ ನೋಡಿ, ಇದನ್ನು ಮೊದಲೇ ನಿಮ್ಮಿಂದ ಕಲಿಯಬೇಕಿತ್ತು ಎಂದು ನಕ್ಕರು. ನಿನಗೂ ಯಾರಾದರೂ ಹೋರಿ ಎಂದು ಹೇಳಿದ್ದರೆ... ಅವರು ಮೇವು ಅಂದಾಗ ನಾವಿಬ್ಬರೂ ತಲೆಯಾಡಿಸಿ ಬಂದುಬಿಟ್ಟೆವಲ್ಲ.

ಸೂಜಿಯ ಭಯ ನನಗಿಲ್ಲ ಎಂದು ತಿಳಿಯಬೇಡ. ಅರ್ಧ ಗಂಟೆ ಕೂರದೆ ಬಸ್ಸಿಗೆ ಅವಸರ ಮಾಡಿ ಹೋದ ಒಬ್ಬರು ದಾರಿಯಲ್ಲೇ ಬಿದ್ದರು ಎಂದು ಡಾಕ್ಟರೇ ಹೇಳಿದರು, ಮುಚ್ಚಿಡದೆ. ಅವರು ಉಳಿದರಂತೆ. ಆ ಬೆಂಚನ್ನು ನೋಡಿ ಬಂದಿದ್ದೇನೆ. ಎದುರುಗಡೆ ಗೋಡೆ ಗಡಿಯಾರ, ಕಿಟಕಿಯಾಚೆ ಬಸ್ ಸ್ಟ್ಯಾಂಡು. ವಾರಾವಾರ ಅಲ್ಲಿ ಕೂತು ನನ್ನ ಅಂಗೈಯನ್ನೇ ನೋಡಿಕೊಳ್ಳುತ್ತ, ಇದು ನವೆಯಾ, ಬರೀ ಬೆವರಾ ಎಂದು ಯೋಚಿಸುವುದು. ಒಂದು ವರ್ಷವಲ್ಲ, ಎರಡು ವರ್ಷವಲ್ಲ. ಕಡಿಮೆಯಾಗದೆಯೂ ಹೋಗಬಹುದು ಎಂದೂ ಅವರೇ ಹೇಳಿದ್ದಾರೆ. ಈಗ ಗಾಳಿಯಲ್ಲಿ ಹೂಪುಡಿ ಇರುವಾಗ ಯಾವುದನ್ನೂ ಶುರು ಮಾಡಬಾರದಂತೆ, ಜೋಳ ಕೊಯ್ದ ಮೇಲೆ, ಕಾರ್ತಿಗೈಯಲ್ಲಿ, ಮತ್ತೆ ಕೆಳಗಿನಿಂದ. ಹನಿಯೋ ಸೂಜಿಯೋ ಆಗ ಬಂದು ಹೇಳು ಅಂದರು.

ಅಮ್ಮ ಹನಿಯೇ ಅನ್ನುತ್ತಾಳೆ. "ಈಗ ನಂಗೆ ತಿಳೀತಲ್ಲ, ಇನ್ನು ಸೇರ್ಸಿ ಹಾಕಲ್ಲ. ಮದುವೆ ಆಗಿ ಹೋಗೋವಾಗ ಸೀಸೇನ ಟ್ರಂಕಲ್ಲಿಟ್ಟು ಬೀಗ ಹಾಕು. ನಿನ್ನ ಅತ್ತೆ ತಂದಿದ್ದೇ ಒಂದು ಇಲ್ಲಿ ಐತೆ. ಊಸಿ ಅಂದ್ರೆ ಅವರು ವೀಳ್ಯ ಎತ್ಕೊಂಡು ಹೊರಟುಬಿಡ್ತಾರೆ, ತಾಯಿ." ನಿನ್ನ ಬೀಗ ಹಾಕಿ, ನಿನ್ನ ಮನೆಯಲ್ಲಿ, ನಿನ್ನ ಹಾಗೆಯೇ. ಅಮ್ಮನಿಗೆ ಇದು ಕಾಣುತ್ತಿಲ್ಲ. ಕಾಣಿಸಬೇಕೆಂದು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ನನ್ನದು ಯಾವಾಗಲೂ ಹೀಗೇ ಎಂದು ನಿನಗೆ ಗೊತ್ತು.

ನೆನ್ನೆ ಮಧ್ಯಾಹ್ನ ನಿನ್ನ ಬೊಮ್ಮು ಬಂದಿದ್ದ. ಶುಕ್ರವಾರದ ಮೊದಲು ಗಂಡು ಬರಬಾರದು, ಆದರೂ ದ್ರಾಕ್ಷಿ ಬುಟ್ಟಿಯ ನೆಪ ಹೂಡಿ ಬಂದ. ನೆಪ ಹೂಡುವುದನ್ನು ನಿನ್ನಿಂದಲೇ ಕಲಿತಿರಬೇಕು. ಅಪ್ಪ ತೋಟದಲ್ಲಿದ್ದರು. ನಾನು ಕುಡಿಯಲು ನೀರು ಕೊಡೋಣವೆಂದು ಬಾವಿಗೆ ಹಗ್ಗ ಬಿಟ್ಟೆ. ನಮ್ಮ ರಾಟೆ ಕಿರುಗುಟ್ಟಿತು. ಅವನು ಕೂತಲ್ಲಿಂದ ಎದ್ದುಬಿಟ್ಟ.

"ಯಾಕೆ?" ಎಂದು ಕೇಳಿದೆ.

"ಏನಿಲ್ಲ. ನಮ್ಮನೇಲಿ ಈ ಸದ್ದು ಕೇಳಿ ಬಾಳ ದಿನ ಆಯ್ತು. ಅಮ್ಮನ ಕರ್ಮ ಮುಗಿದ ಮಾರನೇ ದಿನಾನೇ ಅಪ್ಪ ರಾಟೆಗೆ ಎಣ್ಣೆ ಹುಯ್ದುಬಿಟ್ಟ. ಅದು ಕಿರ್ ಅಂದ್ರೆ ತಟ್ಟೆ ಬಿಟ್ಟು ಎದ್ದು ಹೋಗ್ತಿದ್ದ."

ನನ್ನ ಕೈ ಹಗ್ಗದ ಮೇಲೇ ನಿಂತಿತು. "ಮಾವನಿಗೆ ಗೊತ್ತಿತ್ತಾ?"

"ಹಗ್ಗದ ತುದೀಲಿ ಕೊಡಾನೇ ಇರ್ತಿರ್ಲಿಲ್ಲ" ಅಂದ ಬೊಮ್ಮು. "ಬರೀ ಹಗ್ಗ ಎಳೀತಿದ್ಲು. ಕಣ್ಣಿರೋ ಯಾರಿಗೆ ತಿಳಿಯಲ್ಲ? ನಂಗೆ ಇಸ್ಕೂಲಿಗೋಗೋ ಕಾಲದಲ್ಲೇ ತಿಳಿದಿತ್ತು."

"ಮತ್ತೆ ಯಾರೂ ಯಾಕೆ ಒಂದು ಮಾತು..."

"ಅವಳು ಅಷ್ಟು ಪಾಡು ಪಟ್ಟು ಮುಚ್ತಿದ್ಲು. ನಾವು ನೋಡ್ಬುಟ್ವಿ ಅಂದ್ರೆ ಅವಳಿಗೆ ಅವಮಾನ ಅಲ್ವಾ? ಅಪ್ಪ ಹೇಳೋನು, ಅವಳು ಬಾವಿ ಕಡೆ ಹೋದ್ರೆ ಯಾರೂ ಅತ್ತ ಹೋಗ್ಬೇಡಿ ಅಂತ."

ಅತ್ತೆ, ಇದು ನೀನು ಕೇಳದೆ ಹೋದ ಸುದ್ದಿ. ಅವರಿಗೆ ಗೊತ್ತಿತ್ತು. ನೀನು ಅವರಿಗಾಗಿ ಮುಚ್ಚಿದೆ, ಅವರು ನಿನಗಾಗಿ ಕಾಣದವರಂತೆ ಇದ್ದರು. ಒಂದು ಮನೆಯಲ್ಲಿ ಇಷ್ಟೊಂದು ಮರ್ಯಾದೆ ಇಟ್ಟುಕೊಂಡು, ಆ ಕೊನೆಯ ಬೆಳಿಗ್ಗೆ ರಾಟೆ ನಿಂತ ಮೇಲೂ ಎಷ್ಟು ಹೊತ್ತು ಯಾರೂ ಹಿತ್ತಲಿಗೆ ಬರಲಿಲ್ಲ? ನಾನು ಬೊಮ್ಮುವನ್ನು ಕೇಳಲಿಲ್ಲ. ಅವನ ಮುಖ ನೋಡಿದರೆ ಅವನು ಅದನ್ನು ದಿನವೂ ಕೇಳಿಕೊಳ್ಳುತ್ತಿದ್ದಾನೆ ಅನ್ನಿಸಿತು.

ಇನ್ನೂ ಒಂದಿದೆ. ಕೊಡ ಎತ್ತಿ ತರುವಾಗ ನನಗೆ ಏದುಸಿರು ಬಂತು. ಸಣ್ಣಗೆ ಶುರುವಾಯಿತು, ಸೀಳಿದ ಕೊಳಲು. ಅವನಿಗೆ ಖಂಡಿತ ಕೇಳಿಸಿತು. ಅವನು ಏನು ಮಾಡಿದ ಗೊತ್ತಾ? "ಗಾಳಿ ಜೋರೈತೆ ಇವತ್ತು" ಅಂದು, ಮೆಲ್ಲಗೆ ಮುಖ ಆ ಕಡೆ ತಿರುಗಿಸಿ, ಬಾಳೆಗಿಡ ನೋಡುತ್ತ ನಿಂತ. ಎಷ್ಟು ಒಳ್ಳೆಯವನು ನಿನ್ನ ಮಗ. ಎಷ್ಟು ಪ್ರೀತಿಯಿಂದ ತಿರುಗಿಸಿದ. ಆ ಬೆನ್ನು ನೋಡಿದಾಗ ಆದಷ್ಟು ಭಯ ನನಗೆ ಉತ್ತಮಪಾಳಯದ ಗಾಡಿಯಲ್ಲೂ ಆಗಿರಲಿಲ್ಲ. ಅವರು ಬೈದು ವೀಳ್ಯ ಎತ್ತಿಕೊಂಡು ಹೋದರೆ ಒಂದು ದಿನದ ಅಳು. ಆದರೆ ಹೀಗೆ ಜೀವನವಿಡೀ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಮರ್ಯಾದೆ ಕಾಪಾಡಿಕೊಳ್ಳುತ್ತಿದ್ದರೆ...

ನಾನು ಸೂಜಿಯ ದಾರಿ ಹಿಡಿಯುತ್ತೇನೆ. ಕಾರ್ತಿಗೈಯಿಂದ, ವಾರಕ್ಕೊಮ್ಮೆ, ಬೆಳಗಿನ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ ಕೂತು. ಅದು ಹೆಚ್ಚು ಗುಣ ಮಾಡೀತು ಅನ್ನುವುದು ಅರ್ಧ ಕಾರಣ. ಉಳಿದರ್ಧ, ಅದನ್ನು ಮುಚ್ಚಿಡಲು ಬರುವುದಿಲ್ಲ ಅನ್ನುವುದು. ವಾರಕ್ಕೊಮ್ಮೆ ಯಾರಾದರೂ ನನ್ನ ಮುಖಕ್ಕೆ ಮುಖ ಕೊಟ್ಟು, ಉಸಿರು ಹೇಗಿದೆ ಎಂದು ಕೇಳಬೇಕು. ನಾನು ಹೇಳಬೇಕು. ಕಂಡಕ್ಟರ್ ಬಾಯಿಗೆ ಬೀಳುವುದಾದರೆ ಬೀಳಲಿ. ಶುಕ್ರವಾರ ನೀರು ಸೇದುವಾಗ ನಡುವೆ ನಿಲ್ಲಬೇಕಾದರೆ ನಿಲ್ಲುತ್ತೇನೆ. ನಿಂತು, ಮಾವನ ಕಡೆಗೆ ತಿರುಗಿ, ಇದು ಅತ್ತೆಗಿದ್ದದ್ದೇ, ನನಗೂ ಇದೆ, ದಿಂಡಿಗಲ್ಲಿನಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆ ಎಂದು ಹೇಳುತ್ತೇನೆ. ಅಷ್ಟು ಜನರ ಎದುರು ನನ್ನ ಬಾಯಿಂದ ಅಷ್ಟು ಮಾತು ಬರುತ್ತದೆಯಾ? ಗೊತ್ತಿಲ್ಲ. ಇಸ್ತ್ರಿ ಹಾಕದೆ ನಮ್ಮ ಮಾತಿನಲ್ಲೇ ಹೇಳಬೇಕು ಎಂದುಕೊಂಡಿದ್ದೇನೆ, ಆಗ ಬಂದರೂ ಬಂದೀತು. ಅವರು ಎದ್ದು ಹೋದರೆ ನೀನು ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ.

ಮಾತು ಬರದಿದ್ದರೆ ಎಂಬ ಭಯಕ್ಕೆ ಇನ್ನೊಂದು ಕೆಲಸವನ್ನೂ ಮಾಡಿಟ್ಟಿದ್ದೇನೆ. ಬೆಳಿಗ್ಗೆ ಆ ಹಳದಿ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದ ಮೇಲೆ, ಅಮ್ಮ ಕೊಟ್ಟಿಗೆಯಲ್ಲಿದ್ದಾಗ, ಹರಳೆಣ್ಣೆಯ ಕುಡಿಕೆ ತಂದು ಕಟ್ಟೆ ಹತ್ತಿ, ನಮ್ಮ ರಾಟೆಯ ಅಚ್ಚಿಗೆ ಎರಡೂ ಕಡೆಯಿಂದ ಹುಯ್ದೆ. ಹಗ್ಗ ಬಿಟ್ಟು ನೋಡಿದೆ, ಕೊಡ ಕಟ್ಟಿಯೇ. ಮೇಲೆ ಬರುವವರೆಗೂ ರಾಟೆ ಒಂದು ಸದ್ದೂ ಮಾಡಲಿಲ್ಲ. ನನ್ನ ಎದೆ ಮಾತ್ರ ಕೇಳುತ್ತಿತ್ತು, ಕೊಟ್ಟಿಗೆಯವರೆಗೂ. ಈ ಕಾಗದದ ಮೂಲೆಯಲ್ಲಿರುವ ಕಲೆ ಆ ಎಣ್ಣೆಯದೇ.

ನಿನ್ನ ಅಣ್ಣನ ಮಗಳು